ಗ್ರಾಫಿಕ್ಸ್ ಕಾರ್ಡ್: ಹೊಸದು ಎಂದಾಕ್ಷಣ ವೇಗವೇ? ಡಬ್ಬದ ಮೇಲಿನ ನಂಬರ್ ಹೇಳದ ಲೆಕ್ಕ

ಹೈದರಾಬಾದ್: ಸಿಕಂದರಾಬಾದ್‌ನ ಪಾರ್ಕ್‌ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ತೆಲುಗು, ಉರ್ದುವಿನ ನಡುವೆ ಬೀದರ್ ಕಡೆಯ ಕನ್ನಡವೂ ಆಗಾಗ ಕಿವಿಗೆ ಬೀಳುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್ ದೂರವಾದ ಕಲ್ಯಾಣ ಕರ್ನಾಟಕದ ಅನೇಕರಿಗೆ ಕಂಪ್ಯೂಟರ್ ಬಿಡಿಭಾಗಗಳ ಹತ್ತಿರದ ದೊಡ್ಡ ಮಾರುಕಟ್ಟೆ ಇದೇ. ಇತ್ತೀಚೆಗೆ ಬೀದರ್‌ನ ಪರಿಚಿತ ವಿದ್ಯಾರ್ಥಿಯೊಬ್ಬನ ಜೊತೆ ಅಲ್ಲಿಗೆ ಹೋಗಿದ್ದೆ. ಜೇಬಿನಲ್ಲಿ ಮನೆಯವರು ಕೂಡಿಸಿ ಕೊಟ್ಟ 30 ಸಾವಿರ ರೂಪಾಯಿ, ಮನೆಯ ಕಂಪ್ಯೂಟರ್‌ನಲ್ಲಿ 2016ರ ಜಿಟಿಎಕ್ಸ್ 1060. ಹೊಸ ಆರ್‌ಟಿಎಕ್ಸ್ 5060 ಕೊಳ್ಳುವುದೋ, ಸೆಕೆಂಡ್ ಹ್ಯಾಂಡ್ 3060 ಸಾಕೋ ಎಂಬುದು ಅವನ ಪ್ರಶ್ನೆ.

ನಂಬರ್ ದೊಡ್ಡದಿರುವುದನ್ನೇ ತಗೊಳ್ಳಿ ಎನ್ನುವುದು ಅಂಗಡಿಗಳಲ್ಲಿ ಸಿಗುವ ಮಾಮೂಲಿ ಉತ್ತರ. ಹತ್ತು ವರ್ಷದ ಹಿಂದೆ ಅದು ಸರಿಯಾದ ಉತ್ತರವೇ ಆಗಿತ್ತು. ಈಗ ಅಷ್ಟು ಸಲೀಸಾಗಿ ಹೇಳುವಂತಿಲ್ಲ.

ಕುಗ್ಗುತ್ತಾ ಬಂದ ಜಿಗಿತ

2014ರಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 980 ಕಾರ್ಡ್‌ನ ಬೆಲೆ 549 ಡಾಲರ್. ಎರಡು ವರ್ಷ ತುಂಬುವುದರೊಳಗೆ, 2016ರ ಜುಲೈನಲ್ಲಿ, 249 ಡಾಲರ್‌ನ 1060 ಹೆಚ್ಚುಕಡಿಮೆ ಅದೇ ವೇಗ ಕೊಟ್ಟಿತು. ಅಂದರೆ ಅರ್ಧಕ್ಕಿಂತ ಕಡಿಮೆ ಹಣಕ್ಕೆ ಅದೇ ಕೆಲಸ. 2021ರಲ್ಲಿ 329 ಡಾಲರ್‌ಗೆ ಬಂದ ಆರ್‌ಟಿಎಕ್ಸ್ 3060 ಕೂಡ 2018ರ 499 ಡಾಲರ್‌ನ 2070 ಕಾರ್ಡ್‌ನ ಹತ್ತಿರಕ್ಕೆ ಬಂದಿತ್ತು.

ಲೆಕ್ಕ ತಪ್ಪಿದ್ದು 2023ರ ಜೂನ್‌ನಲ್ಲಿ. 299 ಡಾಲರ್‌ನ 4060 ಫುಲ್ ಎಚ್‌ಡಿ ಆಟಗಳಲ್ಲಿ 3060ಗಿಂತ ಸರಾಸರಿ ಶೇ. 20ರ ಆಸುಪಾಸಿನಷ್ಟು ವೇಗ, ವಿದ್ಯುತ್ ಬಳಕೆ 170 ವ್ಯಾಟ್‌ನಿಂದ 115ಕ್ಕೆ ಇಳಿಕೆ. ಇಷ್ಟು ಒಳ್ಳೆಯ ಸುದ್ದಿ. ಆದರೆ ಕಾರ್ಡ್‌ನ ಮೆಮೊರಿ 12 ಜಿಬಿಯಿಂದ 8 ಜಿಬಿಗೆ ಇಳಿಯಿತು. ಮೆಮೊರಿಯ ದಾರಿ 192 ಬಿಟ್‌ನಿಂದ 128ಕ್ಕೆ ಕಿರಿದಾಯಿತು. ಸೆಕೆಂಡಿಗೆ 360 ಜಿಬಿ ಮಾಹಿತಿ ಸಾಗಿಸುತ್ತಿದ್ದದ್ದು 272ಕ್ಕೆ ಬಂತು. ಈ ಕೊರತೆ ತುಂಬಲು ಚಿಪ್‌ನೊಳಗಿನ ಕ್ಯಾಶ್ ಅನ್ನು 24 ಎಂಬಿಗೆ ಹೆಚ್ಚಿಸಲಾಯಿತು. 2025ರ ಮೇನಲ್ಲಿ ಬಂದ 5060ನಲ್ಲಿ ಸಾಗಣೆಯ ವೇಗ 448 ಜಿಬಿಗೆ ಏರಿದೆ, ಮೆಮೊರಿ ಮಾತ್ರ ಅದೇ 8 ಜಿಬಿ.

ಈ ಮೆಮೊರಿ ಯಾಕೆ ಮುಖ್ಯ? ಅದನ್ನು ಅಡುಗೆಮನೆಯ ಕಟ್ಟೆ ಅಂದುಕೊಳ್ಳಿ. ಬೇಕಾದ ಸಾಮಾನು ಕಟ್ಟೆಯ ಮೇಲೆ ಹಿಡಿಸುವವರೆಗೆ ಅಡುಗೆ ಸರಸರ ಸಾಗುತ್ತದೆ. ಹಿಡಿಸದಿದ್ದರೆ ಪ್ರತಿ ಸಲ ಪಕ್ಕದ ಕೋಣೆಗೆ ಓಡಬೇಕು. ಕಾರ್ಡ್‌ನ ಮೆಮೊರಿ ತುಂಬಿದಾಗ ಅದು ಕಂಪ್ಯೂಟರ್‌ನ ರ‍್ಯಾಮ್‌ಗೆ ಹೀಗೆಯೇ ಓಡುತ್ತದೆ, ಪರದೆ ತಡವರಿಸುತ್ತದೆ.

ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇನ್ನೊಂದು ಪೆಟ್ಟೂ ಇದೆ. 4060, 5060 ಎರಡೂ ಮದರ್‌ಬೋರ್ಡ್‌ನ ಜೊತೆ ಮಾತಾಡುವುದು 16ರ ಬದಲು 8 ಲೇನ್‌ಗಳಲ್ಲಿ. ಹೊಸ ಬೋರ್ಡ್‌ನಲ್ಲಿ ತೊಂದರೆ ಇಲ್ಲ. ನಮ್ಮ ಬೀದರ್ ಹುಡುಗನ ಬಳಿ ಇರುವಂಥ, ಪಿಸಿಐಇ 3.0 ಕಾಲದ ಬೋರ್ಡ್‌ನಲ್ಲಿ ಪಕ್ಕದ ಕೋಣೆಯ ಆ ಬಾಗಿಲೂ ಅರ್ಧ ತೆರೆದಂತೆ. ಅದೇ ಬೋರ್ಡ್‌ನಲ್ಲಿ 3060ಗೆ ಪೂರ್ತಿ 16 ಲೇನ್ ಸಿಗುತ್ತದೆ. ವಿಮರ್ಶಕರು ಸಾಮಾನ್ಯವಾಗಿ ಅತ್ಯಾಧುನಿಕ ಕಂಪ್ಯೂಟರ್‌ನಲ್ಲಿಟ್ಟು ಪರೀಕ್ಷಿಸುವುದರಿಂದ ಅವರ ಗ್ರಾಫ್‌ಗಳಲ್ಲಿ ಇದು ಕಾಣುವುದು ಅಪರೂಪ.

4ರಲ್ಲಿ 3 ಫ್ರೇಮ್ ಎಐ ಬಿಡಿಸಿದ್ದು

2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ವೇದಿಕೆಯಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸೆನ್ ಹುವಾಂಗ್, 549 ಡಾಲರ್‌ನ 5070 ಕಾರ್ಡ್ 1,599 ಡಾಲರ್‌ನ 4090ಗೆ ಸಮ ಎಂದರು. ಎಐ ಇಲ್ಲದೆ ಇದು ಸಾಧ್ಯವಿಲ್ಲ ಎಂದೂ ಸೇರಿಸಿದರು. ಎರಡನೇ ಮಾತಿನಲ್ಲೇ ಎಲ್ಲ ಇದೆ. ಹೊಸ ತಂತ್ರಜ್ಞಾನದಲ್ಲಿ ಪರದೆಗೆ ಬರುವ ನಾಲ್ಕು ಫ್ರೇಮ್‌ಗಳಲ್ಲಿ ಮೂರನ್ನು ಎಐ ಊಹಿಸಿ ಬಿಡಿಸಬಲ್ಲದು. ಫ್ರೇಮ್ ಸಂಖ್ಯೆ ಏರುತ್ತದೆ, ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಏರುವುದಿಲ್ಲ. ಆ ಸೌಲಭ್ಯ ತೆಗೆದಿಟ್ಟು ನೋಡಿದರೆ 4090 ಬಹಳ ಮುಂದಿದೆ. ಹೊಸದರಲ್ಲಿ ನಾಲ್ಕು ಪಟ್ಟು, ಹಳೆಯದರಲ್ಲಿ ಎರಡು ಪಟ್ಟು ಊಹೆ ಹಾಕಿ ಅಕ್ಕಪಕ್ಕ ಇಟ್ಟ ಗ್ರಾಫ್ ಅನ್ನು ಸುಳ್ಳು ಎನ್ನಲಾಗದು. ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಕಟ್ಟಿದ ತೂಕ ಎನ್ನಬಹುದು.

5060 ವಿಷಯದಲ್ಲಂತೂ ಬಹುತೇಕ ವಿಮರ್ಶಕರಿಗೆ ಬಿಡುಗಡೆಯ ದಿನದವರೆಗೆ ಡ್ರೈವರ್ ಕೂಡ ಸಿಕ್ಕಿರಲಿಲ್ಲ.

ಹಾಗಂತ ಹಳೆಯದೇ ಚಿನ್ನವಲ್ಲ

1060 ಸೇರಿದ ಪಾಸ್ಕಲ್ ಪೀಳಿಗೆಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿದೆ. 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. 2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್', 2025ರ 'ಡೂಮ್: ದ ಡಾರ್ಕ್ ಏಜಸ್' ಆಟಗಳಿಗೆ ರೇ ಟ್ರೇಸಿಂಗ್ ಹಾರ್ಡ್‌ವೇರ್ ಕಡ್ಡಾಯ. 2017ರಲ್ಲಿ 699 ಡಾಲರ್ ತೆತ್ತು 11 ಜಿಬಿಯ 1080 ಟಿಐ ಕೊಂಡವರಿಗೂ ಅಲ್ಲಿ ಪ್ರವೇಶವಿಲ್ಲ. 3060ಗೆ ಈ ಹಾರ್ಡ್‌ವೇರ್ ಇದೆ, ಡ್ರೈವರ್ ಕೂಡ ಬರುತ್ತಿದೆ. ತಮಾಷೆಯೆಂದರೆ ತದ್ವಿರುದ್ಧವೂ ನಡೆದಿದೆ. 50 ಸರಣಿಯಲ್ಲಿ 32 ಬಿಟ್ ಫಿಸಿಕ್ಸ್ ಬೆಂಬಲ ಕೈಬಿಟ್ಟಿದ್ದರಿಂದ, ಹತ್ತು-ಹನ್ನೆರಡು ವರ್ಷದ ಹಿಂದಿನ ಕೆಲವು ಆಟಗಳು ಹೊಚ್ಚಹೊಸ ಕಾರ್ಡ್‌ನಲ್ಲೇ ತೆವಳಿದವು. ಆಕ್ಷೇಪ ಬಂದ ಮೇಲೆ 2025ರ ಡಿಸೆಂಬರ್‌ನಲ್ಲಿ ಕೆಲವಕ್ಕೆ ಅದನ್ನು ಮರಳಿ ಕೊಡಲಾಯಿತು.

ಅಗ್ಗದ ಕಾರ್ಡ್‌ಗೆ ಮೆಮೊರಿ ಹಾಕಲು ಕಂಪನಿಗೆ ಇಷ್ಟು ಬಿಗಿ ಏಕೆ? ಅದರ ಲೆಕ್ಕಪತ್ರ ನೋಡಿದರೆ ಅಂದಾಜಾಗುತ್ತದೆ. 2020ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಎನ್‌ವಿಡಿಯಾ ಆದಾಯದ ಅರ್ಧದಷ್ಟು ಗೇಮಿಂಗ್‌ನಿಂದ ಬಂದಿತ್ತು. 2025ರ ಜನವರಿಗೆ ಮುಗಿದ ವರ್ಷದಲ್ಲಿ 13,050 ಕೋಟಿ ಡಾಲರ್ ಆದಾಯದಲ್ಲಿ ಗೇಮಿಂಗ್ ಪಾಲು ಸುಮಾರು 1,135 ಕೋಟಿ, ಅಂದರೆ ಶೇ. 9ಕ್ಕೂ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ಎಐ ಡೇಟಾ ಸೆಂಟರ್‌ಗಳದ್ದು. ಮೆಮೊರಿ ಚಿಪ್‌ಗಳೂ ಈಗ ಅತ್ತಲೇ ಹರಿಯುತ್ತಿವೆ. ಮೈಕ್ರಾನ್ ಕಂಪನಿ ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ತನ್ನ 'ಕ್ರೂಶಿಯಲ್' ವ್ಯವಹಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಎನ್‌ವಿಡಿಯಾ, ಎಎಂಡಿ ಎರಡಕ್ಕೂ ಹೈದರಾಬಾದ್, ಬೆಂಗಳೂರುಗಳಲ್ಲಿ ಎಂಜಿನಿಯರಿಂಗ್ ಕಚೇರಿಗಳಿವೆ. ಇಲ್ಲಿಯವರ ಕೈಯ ಕೆಲಸವೂ ಇರುವ ಚಿಪ್ ಪಾರ್ಕ್‌ಲೇನ್ ತಲುಪುವಾಗ ಆಮದು ವಸ್ತು.

ಅಮೀರ್‌ಪೇಟೆಯಲ್ಲಿ ಎಐ ಕೋರ್ಸ್‌ಗೆ ಸೇರುವವರಿಗೆ ಈ 12 ಜಿಬಿ ಇನ್ನೂ ಮುಖ್ಯ. 700 ಕೋಟಿ ಪ್ಯಾರಾಮೀಟರ್‌ನ ಭಾಷಾ ಮಾದರಿಯನ್ನು 4 ಬಿಟ್‌ಗೆ ಕುಗ್ಗಿಸಿದರೆ 8 ಜಿಬಿ ಕಾರ್ಡ್‌ನಲ್ಲಿ ನಡೆಯುತ್ತದೆ. ಅದರ ಎರಡರಷ್ಟರ ಮಾದರಿ ಹಿಡಿಸುವುದು ಕಷ್ಟ, 12 ಜಿಬಿಯಲ್ಲಿ ಹಿಡಿಸುತ್ತದೆ. ಆಟ ಮಾತ್ರವೇ ಗುರಿ, ಮದರ್‌ಬೋರ್ಡ್ ಹೊಸದು, ವಾರಂಟಿ ಬೇಕು ಎನ್ನುವವರಿಗೆ ನನ್ನ ಪ್ರಕಾರ 5060 ಕೆಟ್ಟ ಆಯ್ಕೆಯಲ್ಲ. ಕೈ ಸ್ವಲ್ಪ ಸಡಿಲಿದ್ದರೆ 5060 ಟಿಐನ 16 ಜಿಬಿ ಮಾದರಿ ಉತ್ತಮ.

ಸೆಕೆಂಡ್ ಹ್ಯಾಂಡ್‌ನಲ್ಲಿ ಎಚ್ಚರವೂ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಹೊರಗಿನಿಂದ ನೋಡಿದರೆ ಗೊತ್ತಾಗದು.

ನಮ್ಮ ಹುಡುಗ ಹಳೆಯ 3060 ಅನ್ನೇ ಆರಿಸಿಕೊಂಡ. ಅಂಗಡಿಯಲ್ಲೇ ಅರ್ಧ ಗಂಟೆ ಸ್ಟ್ರೆಸ್ ಟೆಸ್ಟ್ ಓಡಿಸಿ, ಫ್ಯಾನ್ ಸದ್ದು ಕೇಳಿ, ತಾಪಮಾನ ನೋಡಿದೆವು. 1060ಗೆ 400 ವ್ಯಾಟ್‌ನ ಪವರ್ ಸಪ್ಲೈ ಸಾಕಿತ್ತು, 3060ಗೆ ಕಂಪನಿ ಹೇಳುವುದು 550. ಉಳಿದ ಹಣದಲ್ಲಿ ಅದನ್ನೂ ಕೊಂಡು, ಸಂಜೆಯ ಬೀದರ್ ಬಸ್ ಹತ್ತಿದ.