ಉಚಿತ ಸೈಕಲ್ ನಿಂತ ಮೇಲೆ: ಮೊದಲ ಸೈಕಲ್‌ಗೆ ಹಾಕೋ ದುಡ್ಡು ಎಲ್ಲಿಗೆ ಹೋಗಬೇಕು?

ಬಿ.ಜಿ. ಕೆರೆ: ಎಂಟನೇ ಕ್ಲಾಸಿಗೆ ಬಂದರೆ ಸರ್ಕಾರವೇ ಸೈಕಲ್ ಕೊಡುತ್ತೆ ಅನ್ನೋ ಕಾಲ ಒಂದಿತ್ತು. 2006-07ರಲ್ಲಿ ಬಡ ಕುಟುಂಬದ ಹೆಣ್ಣುಮಕ್ಕಳಿಗೆ ಅಂತ ಶುರುವಾದ ಯೋಜನೆ ಮರುವರ್ಷವೇ ಗಂಡುಮಕ್ಕಳಿಗೂ ಬಂತು. ಕೋವಿಡ್ ಹೊಡೆತಕ್ಕೆ 2020-21ರಲ್ಲಿ ವಿತರಣೆ ನಿಂತಿತು. ಆ ವರ್ಷ ಎಂಟನೇ ಕ್ಲಾಸಲ್ಲಿ ಇದ್ದವರು ಸೈಕಲ್ ಕಾಣದೆಯೇ 2023ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದರು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ನಿಜ. ಆದರೆ ಬಸ್ ಓಡಾಡೋದು ಹೆದ್ದಾರಿಯಲ್ಲಿ. ಒಳಗಿನ ಹಟ್ಟಿಗಳಿಂದ ಸರ್ಕಲ್‌ಗೆ ಬರೋ ಮೂರ್ನಾಲ್ಕು ಕಿಲೋಮೀಟರಿಗೆ ಟಿಕೆಟ್ ಉಚಿತ ಆದರೂ ಬಸ್ಸೇ ಇಲ್ಲದಿದ್ದರೆ ಏನು ಮಾಡೋದು? ಗಂಡುಮಕ್ಕಳಿಗಂತೂ ಈ ಅನುಕೂಲವೂ ಇಲ್ಲ. ಹಾಗಾಗಿ ಮೊದಲ ಸೈಕಲ್ ಈಗ ಮನೆಯವರ ಜೇಬಿನಿಂದಲೇ ಬರಬೇಕು, ಅದೂ ಶೇಂಗಾ ಕೈಗೆ ಹತ್ತಿದ ವರ್ಷ.

ಇದರ ನಡುವೆ ಒಂದು ಸಮಾಧಾನದ ಸುದ್ದಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 6,000 ರೂಪಾಯಿ ಬೀಳೋ ಸೈಕಲ್‌ಗೆ ಮೊದಲು 720 ರೂಪಾಯಿ ತೆರಿಗೆ ಇತ್ತು, ಈಗ 300. ಅಂದರೆ 420 ರೂಪಾಯಿ ಉಳಿತಾಯ. ಬಿಲ್ ಕೇಳದೆ ತಂದವರಿಗೆ ಈ ಉಳಿತಾಯ ಸಿಕ್ಕಿತೋ ಇಲ್ಲವೋ ಗೊತ್ತಾಗೋದೇ ಇಲ್ಲ.

ಅಂಗಡಿ ಮುಂದೆ ಹುಡುಗರ ಕಣ್ಣು ಬೀಳೋದು ದಪ್ಪ ಟೈರು, ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕ್, ಮೈತುಂಬಾ ಸ್ಟಿಕ್ಕರ್ ಇರೋ ಸೈಕಲ್ ಮೇಲೆ. ಬೈಕಿನ ಹಾಗೆ ಕಾಣುತ್ತೆ, ಅದೇ ಅದರ ವ್ಯಾಪಾರ. ಸಾದಾ ಸೈಕಲ್‌ಗಿಂತ ಒಂದೆರಡು ಸಾವಿರಕ್ಕೆ ಇಷ್ಟೆಲ್ಲ ಹೆಚ್ಚಿಗೆ ಕೊಡಬೇಕು ಅಂದರೆ ಕಂಪನಿಯವರು ಎಲ್ಲೋ ಒಂದು ಕಡೆ ಕೈ ಹಿಡಿಯಲೇಬೇಕು. ಹಿಡಿಯೋದು ಕಣ್ಣಿಗೆ ಕಾಣದ ಜಾಗದಲ್ಲಿ: ಹಬ್ಬು, ಬಾಲ್ಸು, ಕಡ್ಡಿ, ರಿಮ್ಮು. ಕಡಿಮೆ ಬೆಲೆಯ ಶಾಕ್ ಅಬ್ಸಾರ್ಬರ್ ಒಂದು ಸಲ ಜಾಮ್ ಆದರೆ ರಿಪೇರಿ ಅನ್ನೋದು ಕಷ್ಟ, ಇಡೀ ಫೋರ್ಕೇ ಬದಲಿಸಬೇಕು. ಜಾಮ್ ಆಗದಿದ್ದರೂ ಪೆಡಲ್ ತುಳಿದ ಬಲದಲ್ಲಿ ಒಂದು ಪಾಲು ಸ್ಪ್ರಿಂಗ್ ಕುಣಿಸೋದಕ್ಕೇ ಹೋಗುತ್ತೆ. ಚಳ್ಳಕೆರೆ ಕಡೆಯ ಬಯಲು ರಸ್ತೆಗೆ ಅದರ ಅಗತ್ಯವೇ ಕಾಣೋದಿಲ್ಲ.

ಗೇರಿನ ವಿಷಯವೂ ಅಷ್ಟೇ. ಗೇರ್ ಸೈಕಲ್ ಕೆಟ್ಟದ್ದಲ್ಲ. ಆದರೆ ಹಿಂದಿನ ಗೇರ್ ಬದಲಿಸೋ ಕೊಂಡಿ ಒಂದು ಸಲ ಬಿದ್ದು ಸೊಟ್ಟಗಾದರೆ ಚೈನು ಕಡ್ಡಿಗೆ ಸಿಕ್ಕಿಕೊಳ್ಳುತ್ತೆ. ಆ ಸಾಮಾನು ಊರಲ್ಲಿ ಸಿಗಲಿಲ್ಲ ಅಂದರೆ ಚಿತ್ರದುರ್ಗಕ್ಕೋ ಬಳ್ಳಾರಿಗೋ ಹೋಗಿ ತರೋವರೆಗೆ ಸೈಕಲ್ ಮೂಲೆಗೆ. ಆಷಾಢದ ಎದುರುಗಾಳಿಗೆ ಗೇರ್ ಬೇಕೇಬೇಕು ಅನ್ನೋವರಿಗೆ ಇನ್ನೊಂದು ದಾರಿ ಇದೆ. ಸಾದಾ ಸೈಕಲ್‌ನಲ್ಲಿ ಮುಂದಿನ ಚೈನ್ ವೀಲ್‌ಗೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18 ಹಲ್ಲು ಇದ್ದರೆ, ಫ್ರೀವೀಲ್ ಮಾತ್ರ 20 ಹಲ್ಲಿನದಕ್ಕೆ ಬದಲಿಸಬಹುದು. ತುಳಿಯೋದು ಹತ್ತರಲ್ಲಿ ಒಂದು ಪಾಲು ಹಗುರ ಆಗುತ್ತೆ. ವೇಗ ಸ್ವಲ್ಪ ಇಳಿಯುತ್ತೆ, ಅಷ್ಟೇ.

ಈ ಸೀಮೆಯಲ್ಲಿ ಸೈಕಲ್ ತಗೊಂಡವರಿಗೆ ನಿಜವಾದ ಶತ್ರು ಜಾಲಿ ಮುಳ್ಳು. ಆ 420 ರೂಪಾಯಿ ಮೊದಲು ಇಳಿಯಬೇಕಾದ್ದು ಇಲ್ಲಿ: ಗಟ್ಟಿ ಟೈರು, ಒಳ್ಳೆ ಟ್ಯೂಬು, ಸಿಕ್ಕರೆ ಟ್ಯೂಬಿಗೂ ಟೈರಿಗೂ ನಡುವೆ ಹಾಕೋ ಪಟ್ಟಿ. ಟೈರ್ ಕೊಳ್ಳುವಾಗ ಎಷ್ಟೋ ಜನ ಎಡವೋದು ಅಳತೆಯಲ್ಲಿ. '26 ಇಂಚು ಕೊಡಿ' ಅಂದರೆ ಸಾಲದು. ಲೇಡೀಸ್ ಸೈಕಲ್‌ನ 26 x 1⅜ ಟೈರು ದಪ್ಪ ಟೈರಿನ 26 x 1.95 ರಿಮ್ಮಿಗೆ ಕೂರೋದಿಲ್ಲ. ಟೈರಿನ ಪಕ್ಕದಲ್ಲೇ ಇನ್ನೊಂದು ಅಂಕಿ ಅಚ್ಚಾಗಿರುತ್ತೆ. ಮೊದಲನೆಯದಕ್ಕೆ 590, ಎರಡನೆಯದಕ್ಕೆ 559, ಹಳೆಯ 28 x 1½ ದೊಡ್ಡ ಸೈಕಲ್‌ಗೆ 635. ಆ ಮೂರಂಕಿ ಬರೆದುಕೊಂಡು ಹೋದರೆ ಕೊಳ್ಳೋವರಿಗೂ ಅಂಗಡಿಯವರಿಗೂ ಎರಡನೇ ಓಡಾಟ ತಪ್ಪುತ್ತೆ.

ಅಳತೆ ಅಂದರೆ ಸವಾರನದ್ದೂ ಹೌದು. 'ಬೆಳೀತಾನೆ, ದೊಡ್ಡದೇ ಇರಲಿ' ಅಂತ ಅಂಗಿ ಹೊಲಿಸಿದ ಹಾಗೆ ಸೈಕಲ್ ತರೋದು ಅಪಾಯ. ಸೀಟಿನಿಂದ ಇಳಿದು ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ನಡುವಿನ ಪೈಪು ತಗಲಬಾರದು. ಹಿಮ್ಮಡಿ ಪೆಡಲ್ ಮೇಲಿಟ್ಟು ಕೆಳಗೆ ಒತ್ತಿದರೆ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು. ಸೀಟು ತಗ್ಗಿಸಿ ಮೊಣಕಾಲು ಎದೆಗೆ ಬರೋ ಹಾಗೆ ತುಳಿಯೋವರೇ ಎರಡು ಕಿಲೋಮೀಟರಿಗೆ ಸುಸ್ತಾಗಿ ಸೈಕಲ್ಲನ್ನು ಬೈಯೋದು. ಸೀಟಿನ ಪೈಪು ಎತ್ತುವಾಗ ಅದರ ಮೇಲಿರೋ ಗೆರೆ ಹೊರಗೆ ಕಾಣದ ಹಾಗೆ ನೋಡಿಕೊಳ್ಳಬೇಕು.

ಬ್ರೇಕ್ ರಬ್ಬರ್, ಬೆಲ್ಲು, ದೀಪ ಇವಕ್ಕೆ ಚೌಕಾಸಿ ಬೇಡ. ಬಿ.ಜಿ. ಕೆರೆ ಇರೋದು ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ. ಸಂಜೆ ಟ್ಯೂಷನ್ ಮುಗಿಸಿ ಬರೋ ಮಗು ಲಾರಿ ಡ್ರೈವರಿಗೆ ಕಾಣಬೇಕಾದ್ದು ಹಿಂದಿನಿಂದ. ಹೊಸ ಸೈಕಲ್‌ನ ರಿಫ್ಲೆಕ್ಟರ್ ಒಡೆದ ದಿನವೇ ಬೇರೆ ಹಾಕಿಸಿ, ಜೊತೆಗೆ ಹಿಂದೊಂದು ಕೆಂಪು ಲೈಟು ಇರಲಿ. ಡಿಸ್ಕ್ ಬ್ರೇಕ್ ಇಲ್ಲದಿದ್ದರೂ ನಡೆಯುತ್ತೆ, ಲೈಟ್ ಇಲ್ಲದಿದ್ದರೆ ನಡೆಯೋದಿಲ್ಲ.

ಅಂಗಡಿಗೆ ಹೋಗೋ ಮುಂಚೆ ಒಮ್ಮೆ ಹಿತ್ತಲು ನೋಡೋದೂ ಒಳ್ಳೆಯದು. ಅಕ್ಕನಿಗೋ ಅಣ್ಣನಿಗೋ ಬಂದಿದ್ದ ಸರ್ಕಾರಿ ಸೈಕಲ್ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಾ ಇರಬಹುದು. ಹ್ಯಾಂಡಲ್ ಕೆಳಗೆ ಎರಡು ಪೈಪು ಸೇರೋ ಬೆಸುಗೆಯಲ್ಲಿ ಬಿರುಕು, ಉಬ್ಬು ಇದ್ದರೆ ಗುಜರಿಗೇ ಹಾಕಬೇಕು. ಅಲ್ಲಿ ಸರಿ ಇದ್ದರೆ ಟೈರು, ಟ್ಯೂಬು, ಚೈನು, ಬ್ರೇಕ್ ವೈರು ಬದಲಿಸಿ, ಬಾಲ್ಸಿಗೆ ಗ್ರೀಸ್ ಹಾಕಿ, ರಿಮ್ಮಿನ ಬೆಂಡ್ ತೆಗೆಸಿದರೆ ಹೊಸದರ ಅರ್ಧ ದುಡ್ಡೂ ಆಗೋದಿಲ್ಲ. ಆ ಕೆಲಸಕ್ಕೆ ದೂರ ಹೋಗಬೇಕಿಲ್ಲ, ಪಂಕ್ಚರ್ ಅಂಗಡಿಯವರೇ ಮಾಡಿಕೊಡ್ತಾರೆ.