ತಲೆನೋವಿಗೆ ಮೊದಲು ಬೇಕಾದದ್ದು ಕೇಳುವ ಕಿವಿ

ಅಕ್ಕಿ ಗಿರಣಿಯ ಹಮಾಲನಿಗೆ ತಲೆ ಸಿಡಿದರೆ ಧಣಿಗೆ ಅದು ನೆವ. ಗಾಯ ಕಾಣುವುದಿಲ್ಲ, ಜ್ವರವಿಲ್ಲ. ಆದ್ದರಿಂದ ನೋವೂ ಇಲ್ಲ! ಅರ್ಧ ದಿನದ ಕೂಲಿಗೆ ಕತ್ತರಿ. ಅವನಿಗೆ ಉಳಿದ ದಾರಿ ಎರಡೇ: ಅಂಗಡಿಯ ಗುಳಿಗೆ, ಇಲ್ಲವೆ ಸಾಲ ಮಾಡಿ ಹುಬ್ಬಳ್ಳಿಯ ಸ್ಕ್ಯಾನು.

ಗೆಳೆಯರೇ, ತಲೆನೋವಿನ ಮೂಲ ಹುಡುಕುವುದು ಬಹುಮಟ್ಟಿಗೆ ಯಂತ್ರದ ವಿದ್ಯೆಯಲ್ಲ, ಪ್ರಶ್ನೆಯ ವಿದ್ಯೆ. ನೋವು ಒಂದೇ ಬದಿಗೋ, ಎರಡೂ ಬದಿಗೋ? ನಾಡಿಯಂತೆ ಮಿಡಿಯುವುದೋ, ಪಟ್ಟಿ ಬಿಗಿದಂತೆ ಹಿಂಡುವುದೋ? ಎಷ್ಟು ತಾಸು? ಓಕರಿಕೆಯುಂಟೋ? ಬೆಳಕು, ಸಪ್ಪಳ ತಾಳುವುದೋ? ಮಿಡಿದು, ಓಕರಿಕೆ ತಂದು, 4 ತಾಸಿನಿಂದ 3 ದಿನ ಕಾಡಿ, ಮತ್ತೆ ಮತ್ತೆ ಮರಳುವುದು ಹೆಚ್ಚಾಗಿ ಮೈಗ್ರೇನ್, ನಮ್ಮವರ ಅರೆತಲೆನೋವು. ಎರಡೂ ಬದಿ ಹಿಂಡುವುದು ಹೆಚ್ಚಾಗಿ ಬಿಗಿತದ ನೋವು. ಇವೆರಡನ್ನೂ ಸ್ಕ್ಯಾನು ತೋರಿಸಲಾರದು. ಬಳಿಕ ಡಾಕ್ಟರರು ರಕ್ತದೊತ್ತಡ ಅಳೆದು, ದೀಪ ಹಿಡಿದು ಕಣ್ಣಿನೊಳಗೆ ನೋಡಿ, ಕತ್ತು ಬಗ್ಗಿಸಿ, ಕೈಕಾಲಿನ ಬಲ ಪರೀಕ್ಷಿಸಬೇಕು. ಸಿಡಿಲು ಬಡಿದಂತೆ ಒಮ್ಮೆಲೆ ಬಂದ ನೋವು, ಜ್ವರದೊಡನೆ ಸೆಟೆದ ಕತ್ತು, ಸೋತ ಕೈ, ತೊದಲುವ ನಾಲಗೆ, ತಲೆಗೆ ಬಿದ್ದ ಪೆಟ್ಟು, 50 ದಾಟಿದ ಮೇಲೆ ಹೊಸದಾಗಿ ಹುಟ್ಟಿದ ನೋವು, ಇಂಥವಕ್ಕೆ ತಡಮಾಡದೆ ದೊಡ್ಡ ದವಾಖಾನೆ ಬೇಕೇ ಬೇಕು.

ಇಷ್ಟು ಕೇಳಿ ನೋಡಲು ಸಮಯ ಬೇಕು. ರೋಗಿಗಳ ಸಾಲು ಬಾಗಿಲು ದಾಟಿ ಬೀದಿಗೆ ಬಂದಲ್ಲಿ ಒಬ್ಬ ಡಾಕ್ಟರು ಯಾರನ್ನೆಂದು ಕೇಳಿಯಾರು? ಬಡವನಿಂದ ಕಸಿದದ್ದು ಔಷಧವನ್ನಲ್ಲ, ಆ ಹದಿನೈದು ನಿಮಿಷವನ್ನು.

ಅಂಗಡಿಕಾರ ಬಂಧುಗಳೇ, ನೀವೂ ಕೇಳಿರಿ. ತಿಂಗಳಿಗೆ 15 ದಿನ ಮೇಲ್ಪಟ್ಟು, ಮೂರು ತಿಂಗಳು ಮೀರಿ ನೋವಿನ ಗುಳಿಗೆ ನುಂಗುತ್ತ ಹೋದರೆ ಗುಳಿಗೆಯೇ ತಲೆನೋವು ಹುಟ್ಟಿಸುತ್ತದೆ. ದಿನಾ ಬರುವ ಗಿರಾಕಿಯನ್ನು ದವಾಖಾನೆಗೆ ಕಳಿಸುವುದು ನಿಮ್ಮ ಧರ್ಮ.

ಇದು ಶ್ರೀಮಂತರ ಬೇನೆಯೆನ್ನುವವರಿಗೆ ಉತ್ತರವಿದೆ. ನಿಮ್ಹಾನ್ಸ್‌ನವರು 2009ರಲ್ಲಿ ಬೆಂಗಳೂರು ಸೀಮೆಯಲ್ಲಿ ಆರಂಭಿಸಿದ ಸಮೀಕ್ಷೆಯಲ್ಲಿ 2,329 ಜನರನ್ನು ಕೇಳಿದರು. ವರ್ಷದೊಳಗೆ ತಲೆನೋವು ಕಂಡವರು ನೂರಕ್ಕೆ 64, ಮೈಗ್ರೇನ್ 25. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು!

2022ರಲ್ಲಿ ಸರಕಾರವೂ ನಿಮ್ಹಾನ್ಸೂ ಕೂಡಿ ಮೆದುಳು ಆರೋಗ್ಯದ ಯೋಜನೆ ಹೂಡಿದವು. ಸಾಮಾನ್ಯ ಡಾಕ್ಟರರಿಗೂ ಈ ವಿದ್ಯೆ ಕಲಿಸಬಹುದೆಂಬುದೇ ಅದರ ತಿರುಳು. ಆ ಕಲಿಕೆ ದೊಡ್ಡ ಊರುಗಳಲ್ಲಿ ನಿಲ್ಲಬಾರದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಪ್ರತಿ ಸರಕಾರಿ ದವಾಖಾನೆಗೂ ಸಾಕಷ್ಟು ಡಾಕ್ಟರರು ಬೇಕು. ದವಾಖಾನೆಗೆ ಹೋದ ದಿನದ ಕೂಲಿ ಮುರಿಯಬಾರದು.

ಅಲ್ಲಿಯವರೆಗೆ ನೋವು ಬಂದ ದಿನ, ಹಿಡಿದ ತಾಸು, ನುಂಗಿದ ಗುಳಿಗೆ ಒಂದು ಚೀಟಿಯಲ್ಲಿ ಬರೆದಿಡಿರಿ. ಡಾಕ್ಟರರ ಮುಂದೆ ಅದನ್ನಿಟ್ಟು, ಓದಿರೆಂದು ಕೇಳಿರಿ. ಕೇಳುವುದು ಭಿಕ್ಷೆಯಲ್ಲ, ಹಕ್ಕು.