ಜಂತುಹುಳು ಮತ್ತು ಬೆಲ್ಲದ ಮೇಲಿನ ಅಪವಾದ

ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಸಾಕು, ಹಿರಿಯರ ತೀರ್ಪು ಸಿದ್ಧ: ‘ಬೆಲ್ಲ ತಿಂದೂ ತಿಂದೂ ಹೊಟ್ಟೇಲಿ ಹುಳ ಆಗಿದೆ.’ ಪಾಪ, ಬೆಲ್ಲದ ತಪ್ಪೇನೂ ಇಲ್ಲ. ಜಂತುಹುಳುವಿನ ಮೊಟ್ಟೆ ಹೊಟ್ಟೆ ಸೇರುವುದು ಮಲ ಬೆರೆತ ಮಣ್ಣಿನಿಂದ, ತೊಳೆಯದ ಕೈ ಮತ್ತು ತರಕಾರಿಯಿಂದ. ಕೊಕ್ಕೆಹುಳುವಿನ ಮರಿಯಂತೂ ಬರಿಗಾಲಿನ ಚರ್ಮವನ್ನೇ ಕೊರೆದು ಒಳನುಗ್ಗುತ್ತದೆ.

ಹಾಗೆಂದು ಊಟಕ್ಕೂ ಹುಳುವಿಗೂ ನಂಟೇ ಇಲ್ಲ ಎನ್ನುವಂತಿಲ್ಲ. ಇಲಿಯ ಕರುಳಿನ ಲಾಡಿಹುಳುವಿಗೆ ಬಾಯಿಯಿಲ್ಲ, ಜಠರವಿಲ್ಲ. ಮೈಯಿಂದಲೇ ಆಹಾರ ಹೀರುತ್ತದೆ. ಹ್ಯೂಸ್ಟನ್ನಿನ ರೈಸ್ ಇನ್‌ಸ್ಟಿಟ್ಯೂಟ್‌ನ ಏಸಾ ಚಾಂಡ್ಲರ್ 1940ರ ದಶಕದಲ್ಲಿ ಇಲಿಗಳ ಊಟ ಬದಲಿಸಿ ನೋಡಿದರು. ಊಟದಲ್ಲಿ ಪ್ರೋಟೀನ್ ಇಲ್ಲದಿದ್ದರೂ ಹುಳು ಬೆಳೆಯಿತು, ಬೇಕಾದ್ದನ್ನು ಇಲಿಯ ಮೈಯಿಂದಲೇ ಕಿತ್ತುಕೊಂಡಿತು. ಪಿಷ್ಟ ತಪ್ಪಿಸಿದಾಗ ಮಾತ್ರ ಕುಗ್ಗಿತು. ಪಿಷ್ಟದ ಬದಲು ಸಕ್ಕರೆ ತಿನ್ನಿಸಿದರೂ ಈ ಹುಳು ಸೊರಗುತ್ತದೆಂದು ಆಮೇಲೆ ಗೊತ್ತಾಯಿತು. ಬೆಲ್ಲವನ್ನು ಬೈಯುವವರು ಗಮನಿಸಬೇಕು!

ಆತಂಕದ ವಿಷಯ ಬೇರೆಯೇ ಇದೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮರ್ಲಿನ್ ಸ್ಕಾಟ್ ಮತ್ತು ಸಂಗಡಿಗರು ಸುಂಡಿಲಿಗಳಿಗೆ ಪ್ರೋಟೀನ್ ಕಡಿಮೆ ಮಾಡಿದಾಗ ಕರುಳಿನ ದುಂಡುಹುಳುಗಳು ಹೆಚ್ಚು ಕಾಲ ಬದುಕುಳಿದವು. ಹುಳುವನ್ನು ಹೊರದಬ್ಬುವ ರೋಗನಿರೋಧಕ ಶಕ್ತಿಗೇ ಪ್ರೋಟೀನ್ ಬೇಕು. ಅದು ಸಿಗದಿದ್ದರೆ ಲಾಭ ಹುಳುವಿಗೆ.

ನಾರಿನ ಕಥೆ ಇನ್ನೂ ವಿಚಿತ್ರ. ಚಿಕೋರಿ ಬೇರಿನಲ್ಲಿರುವ ಇನುಲಿನ್ ಎಂಬ ನಾರು ಹಂದಿಗಳ ಕರುಳಿನ ಒಂದು ಜಾತಿಯ ಹುಳುವನ್ನು ಇಳಿಸಿತು; ಅದೇ ಇನುಲಿನ್ ಸುಂಡಿಲಿಗಳಲ್ಲಿ ಚಾಟಿಹುಳುವೆಂಬ ಕರುಳಿನ ಹುಳುವನ್ನು ಹೆಚ್ಚಿಸಿತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊಬ್ಬು ಹೆಚ್ಚಿದ್ದ ಆಹಾರ ತಿಂದ ಸುಂಡಿಲಿಗಳು ಚಾಟಿಹುಳುವನ್ನು ಹೊರಹಾಕಿದವು. ಹಾಗೆಂದು ಮಕ್ಕಳಿಗೆ ಬೋಂಡ ತಿನ್ನಿಸಹೊರಡಬೇಡಿ. ಸುಂಡಿಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ನಿಜವಾಗಬೇಕಿಲ್ಲ. ಎಲ್ಲ ಹುಳುವಿಗೂ ಒಂದೇ ಪಥ್ಯವೆಂದು ವಾಟ್ಸ್‌ಆಪ್‌ನಲ್ಲಿ ಹಬ್ಬಿಸುವವರ ಮಾತು ನಂಬುವಂಥದ್ದಲ್ಲ.

ಫೆಬ್ರುವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಿಂದ ನಡೆಯುತ್ತಿದೆ. ಅಂದು ಶಾಲೆಗಳಲ್ಲಿ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆ ಆಗ ಹೊಟ್ಟೆಯಲ್ಲಿರುವ ಹುಳುಗಳ ಮೇಲಷ್ಟೇ ಕೆಲಸ ಮಾಡುತ್ತದೆ. ಅದೇ ಅಂಗಳ, ಅದೇ ಬರಿಗಾಲು ಇದ್ದರೆ ಹುಳು ಮತ್ತೆ ಬರುತ್ತದೆ. ಮತ್ತೆ ಬಂದಾಗ ಮಗುವಿನ ಮೈ ಎಷ್ಟು ಗಟ್ಟಿಯಿದೆ ಎಂಬುದೇ ಮುಖ್ಯ. ಕೊಕ್ಕೆಹುಳು ದಿನವೂ ರಕ್ತ ಹೀರುತ್ತದೆ. ಊಟದಲ್ಲಿ ಕಬ್ಬಿಣಾಂಶ ಸಾಲದ ಮಗುವೇ ಮೊದಲು ರಕ್ತಹೀನತೆಗೆ ಬೀಳುತ್ತದೆ.

ಮಗುವಿಗೆ ಬೇಕಾದ ಪ್ರೋಟೀನ್ ಕೋಳಿಮೊಟ್ಟೆಯಲ್ಲಿದೆ; ಆದರೆ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕೇ ಬೇಡವೇ ಎಂಬ ಜಗಳ ಕರ್ನಾಟಕದಲ್ಲಿ ವರ್ಷಗಟ್ಟಲೆ ನಡೆದಿದೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆಯಾಗಿದೆ. ಮಾತ್ರೆಗೆ ಸಿಗುವ ಪ್ರಚಾರದ ಅರ್ಧದಷ್ಟಾದರೂ ಆ ಮೊಟ್ಟೆಗೆ, ತಿನ್ನದವರಿಗಾಗಿ ಬೇಳೆಕಾಳಿಗೆ ಸಿಗಲಿ. ಜಂತುಹುಳು ದಿನದಂದು ಆರೋಗ್ಯ ಇಲಾಖೆ ಮತ್ತು ಶಿಕ್ಷಕರು ಕೈತೊಳೆಯುವ ಪಾಠದ ಜೊತೆಗೆ ಮಗುವಿನ ಊಟದ ಈ ಮಾತನ್ನೂ ಪೋಷಕರಿಗೆ ಹೇಳಬೇಕು.